ಪನ್ನೀರುದಾನಿಯಲ್ಲಿ ಹೊಗೆಸೊಪ್ಪಿನ ಕಷಾಯ

ಸಾರಮ್ಮನ ಹತ್ತಿರ ಒಂದು ಪನ್ನೀರುದಾನಿ ಇತ್ತು. ಹಿತ್ತಾಳೆಯದ್ದು, ಮೇಲೆ ಬೆಳ್ಳಿಯ ನೀರು ಹಿಡಿಸಿದ್ದು. ಉದ್ದ ಕತ್ತಿನ ತುದಿಯಲ್ಲಿ ಪುಟ್ಟ ತಲೆ, ಆ ತಲೆಯ ತುಂಬ ಸಾಸಿವೆಯೂ ತೂರದಷ್ಟು ಸಣ್ಣ ತೂತುಗಳು. ಉಪ್ಪಿನಂಗಡಿಯ ತಾಯಿಮನೆಯಿಂದ ಮದುವೆಯಾಗಿ ಸುಳ್ಯದಾಚೆ ಸಂಪಾಜೆಯ ದಾರಿಗೆ ಬರುವಾಗ ಅವಳು ತಂದದ್ದು ಒಂದು ಮರದ ಪೆಟ್ಟಿಗೆ, ಅದರೊಳಗೆ ನಾಲ್ಕು ಜೊತೆ ಬಟ್ಟೆ ಮತ್ತು ಈ ದಾನಿ. ಆಸುಪಾಸಿನ ಮೂರು ಊರುಗಳಲ್ಲಿ ಇನ್ನೊಂದು ಪನ್ನೀರುದಾನಿ ಇರಲಿಲ್ಲ. ಹಾಗಾಗಿ ಗೌಡರ ಮನೆಯ ಮದುವೆಯಾಗಲಿ, ಬ್ಯಾರಿಗಳ ಮನೆಯ ನಿಕಾಹ್ ಆಗಲಿ, ಚಪ್ಪರದ ಕಂಬ ಊರುವ ಮೊದಲೇ ಸಾರಮ್ಮನಿಗೆ ಹೇಳಿಕೆ ಬರುತ್ತಿತ್ತು. ದಾನಿಯನ್ನು ಬೇರೆಯವರ ಕೈಗೆ ಕೊಟ್ಟು ಕಳಿಸುವ ಪೈಕಿಯಲ್ಲ ಅವಳು. ತಾನೇ ಎದೆಗವಚಿಕೊಂಡು ಹೋಗಿ, ಹೆಂಗಸರು ಒಳಬರುವ ಕಡೆ ನಿಂತು, ಬಂದವರ ಮೇಲೆಲ್ಲ ಪನ್ನೀರು ಚಿಮುಕಿಸಿ, ಊಟ ಮಾಡಿ, ದಾನಿಯನ್ನು ಒರೆಸಿಕೊಂಡು ಮನೆಗೆ ಬರುತ್ತಿದ್ದಳು.

ನೋಡುವವರಿಗೆ ಅದೊಂದು ಪಾತ್ರೆ. ಸಾರಮ್ಮನಿಗೆ ಹಾಗಲ್ಲ. ಅವಳಿಗೆ ಮಕ್ಕಳಿರಲಿಲ್ಲ. ಗಂಡನ ಕಡೆಯವರೆಲ್ಲ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಮಡಿಕೇರಿಯಲ್ಲೇ ನಿಂತಿದ್ದರು. ಗಂಡ ಪೋಕರ್ ಬ್ಯಾರಿಗೆ ರಸ್ತೆ ಬದಿಯಲ್ಲಿ ಹೊಗೆಸೊಪ್ಪಿನ ಅಂಗಡಿ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಬಾಯಿ ತುಂಬ ಮಾತಾಡಿ, ಮನೆಗೆ ಬರುವಾಗ ಅವನ ಮಾತೆಲ್ಲ ಖರ್ಚಾಗಿರುತ್ತಿತ್ತು. ಈ ಊರಿನವರು ತನ್ನನ್ನು ಕರೆಯುವುದು ದಾನಿಯ ದೆಸೆಯಿಂದ, ಅದಿಲ್ಲದಿದ್ದರೆ ತಾನೊಬ್ಬಳು ಇದ್ದೇನೆಂದು ಯಾರಿಗೂ ನೆನಪಾಗಲಿಕ್ಕಿಲ್ಲ ಎಂದು ಸಾರಮ್ಮ ಗಟ್ಟಿಯಾಗಿ ನಂಬಿದ್ದಳು. ಬರಿಗೈಯಲ್ಲಿ ಒಬ್ಬರ ಅಂಗಳ ಮೆಟ್ಟಲು ಅವಳಿಗೆ ಹೆದರಿಕೆ.

ಅವಳ ಇನ್ನೊಂದು ಹುಚ್ಚು ತರಕಾರಿ. ಮನೆಯ ಹಿಂದೆ ಒಂದು ಹಾಸಿಗೆಯಷ್ಟು ಜಾಗದಲ್ಲಿ ಹರಿವೆ, ಬಸಳೆ, ಬೆಂಡೆ ಎಲ್ಲವನ್ನೂ ತುರುಕಿದ್ದಳು. ಆ ಜಾಗ ಸಾಲದೆ ನೆರೆಯ ಕುಕ್ಕಪ್ಪ ಗೌಡರ ಬೆಟ್ಟುಗದ್ದೆಯ ಮೇಲೆ ಕಣ್ಣು ಬಿತ್ತು. ಏಣೇಲಿನ, ಅಂದರೆ ಮಳೆಗಾಲದ ಭತ್ತದ, ಕೊಯ್ಲು ಮುಗಿದರೆ ಅದು ಮಳೆಗಾಲದವರೆಗೆ ಸುಮ್ಮನೆ ಬಿದ್ದಿರುತ್ತಿತ್ತು. ಕೇಳಿದಾಗ ಗೌಡರು, "ಮಾಡುದಾದ್ರೆ ಮಾಡಿ ಮಾರಾಯ್ರೆ, ದನ ಬರದ ಹಾಗೆ ನೋಡ್ಕೊಳ್ಳಿ" ಎಂದರು. ಅವರ ಹೆಂಡತಿ ಕಮಲಾವತಿ ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಬರುವ ಫೆಬ್ರವರಿಯಲ್ಲಿ ಮಗಳು ದಮಯಂತಿಯ ಮದುವೆ, ಹುಡುಗ ಕಡಬದ ಕಡೆಯವನು. "ಮದುವೆಗೆ ಅಲಸಂಡೆ ಪಲ್ಯ ನಿಮ್ಮದೇ ಸಾರಮ್ಮ. ಪುತ್ತೂರಿನಿಂದ ತರಿಸುದಿಲ್ಲ ನಾನು. ದಾನಿ ಹೇಗೂ ಉಂಟಲ್ಲ" ಎಂದಳು. ಸಾರಮ್ಮ ಅಲ್ಲಿಂದ ಮನೆಗೆ ನಡೆದು ಬಂದಳೋ ಹಾರಿ ಬಂದಳೋ ಅವಳಿಗೇ ಗೊತ್ತಿಲ್ಲ.

ಐವತ್ತೇಳರ ನವೆಂಬರ್ ಕೊನೆಗೆ ಅಲಸಂಡೆ ಬಿತ್ತಿದಳು, ಹದಿನೆಂಟು ಸಾಲು. ತೋಡಿನಿಂದ ಕೊಡಪಾನದಲ್ಲಿ ನೀರು ಹೊತ್ತಳು, ಕಾಡಿನಿಂದ ಕೋಲು ಕಡಿದು ತಂದು ಊರಿದಳು. ಬಳ್ಳಿ ಸೊಂಟದೆತ್ತರ ಬರುವ ಹೊತ್ತಿಗೆ ಹೊಸ ವರ್ಷ ಬಂತು, ಜೊತೆಗೆ ಹೇನೂ ಬಂತು. ಅಲಸಂಡೆ ಬೆಳೆದವರಿಗೆ ಆ ಕಪ್ಪು ಹೇನನ್ನು ವಿವರಿಸಬೇಕಾಗಿಲ್ಲ. ಮೊದಲ ದಿನ ಒಂದು ಕುಡಿಯಲ್ಲಿ ಚಿಟಿಕೆಯಷ್ಟು, ನಾಲ್ಕನೆಯ ದಿನ ಇಡೀ ಗದ್ದೆಯ ಕುಡಿಗಳು ಎಳ್ಳು ಮೆತ್ತಿದ ಹಾಗೆ. ಒಲೆಯ ಬೂದಿ ಎರಚಿದಳು, ಎಲ್ಲರೂ ಎರಚುವ ಹಾಗೆ. ಹೇನುಗಳು ಬೂದಿ ಹಚ್ಚಿಕೊಂಡು ಇನ್ನೂ ಆರಾಮವಾಗಿ ಕುಳಿತವು.

ಆಗ ಅವಳಿಗೆ ಹೊಳೆದದ್ದು ಗಂಡನ ಸಾಮಾನಿನ ಕೋಣೆ. ಹೊಗೆಸೊಪ್ಪಿನ ಕಟ್ಟುಗಳ ಪಕ್ಕದಲ್ಲಿಟ್ಟ ಅಕ್ಕಿಗೆ ಯಾವತ್ತೂ ಹುಳ ಬಿದ್ದದ್ದಿಲ್ಲ. ಯಾರೂ ಕೊಳ್ಳದ ದಂಟು ಗೋಣಿಯ ತಳದಲ್ಲಿ ರಾಶಿ ಇತ್ತು. ಅದನ್ನು ಜಜ್ಜಿ, ಒಂದು ಹಿಡಿ ಗಾಂಧಾರಿ ಮೆಣಸು, ನಾಲ್ಕು ಗಡ್ಡೆ ಬೆಳ್ಳುಳ್ಳಿ ಸೇರಿಸಿ, ಹಿತ್ತಿಲ ಒಲೆಯ ಮೇಲೆ ಹಳೆಯ ಮಣ್ಣಿನ ಪಾತ್ರೆಯಲ್ಲಿಟ್ಟು ಕುದಿಸಿದಳು. ಕೊಡಪಾನ ತುಂಬ ಇದ್ದ ನೀರು ಎಣ್ಣೆ ಅಳೆಯುವ ಕುಡ್ತೆಯಲ್ಲಿ ನಾಲ್ಕು ಕುಡ್ತೆಗೆ ಇಳಿಯಿತು. ಕಪ್ಪಗೆ, ದಪ್ಪಗೆ, ಮೂಗು ಹತ್ತಿರ ತಂದರೆ ತಲೆ ತಿರುಗುವ ಕಷಾಯ. ಕಸ ಗುಡಿಸುವ ಹಿಡಿಸೂಡಿಯನ್ನು ಅದರಲ್ಲಿ ಅದ್ದಿ ಎರಡು ಸಾಲಿಗೆ ಚಿಮುಕಿಸಿದಳು. ಮರುದಿನ ಹೇನೆಲ್ಲ ಸತ್ತಿತ್ತು. ಅದರ ಮರುದಿನ ಎರಡು ಸಾಲು ಅಲಸಂಡೆಯೂ ಬೆಂಕಿ ತಾಗಿದ ಹಾಗೆ ಸುಟ್ಟು ಮಲಗಿತ್ತು.

ಸಾರಮ್ಮ ಗದ್ದೆಯ ಬದುವಿನಲ್ಲಿ ಕುಳಿತು ಅತ್ತಳು. ಆಮೇಲೆ ಎದ್ದು ಬಂದು ಒಂದು ಚಮಚ ಕಷಾಯಕ್ಕೆ ಎಂಟು ಚಮಚ ನೀರು ಹಾಕಿ ಒಂದು ಗಿಡಕ್ಕೆ ಕೊಟ್ಟಳು, ಹನ್ನೆರಡು ಹಾಕಿ ಇನ್ನೊಂದಕ್ಕೆ, ಹದಿನಾರು ಹಾಕಿ ಮತ್ತೊಂದಕ್ಕೆ. ಹದಿನಾರರ ಗಿಡದಲ್ಲಿ ಹೇನು ಸತ್ತು ಎಲೆ ಉಳಿಯಿತು. ಜಾರಿ ಹೋಗದ ಹಾಗೆ ಅಂಟುವಾಳದ ನೊರೆಯನ್ನೂ ಸೇರಿಸಿಕೊಂಡಳು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಇಷ್ಟನ್ನು ಐದು ದಿನದಲ್ಲಿ ಕಂಡುಕೊಂಡಳು ಎಂದರೆ ಸಣ್ಣ ಸಂಗತಿಯಲ್ಲ.

ಆದರೆ ಹಿಡಿಸೂಡಿಯ ಹನಿ ದೊಡ್ಡದು. ಎಲೆಯ ಮೇಲೆ ಬಿದ್ದು ಉರುಳಿ ಹೋಗುತ್ತಿತ್ತು. ಹೇನು ಕುಳಿತಿರುವುದು ಎಲೆಯ ಅಡಿಯಲ್ಲಿ ಮತ್ತು ಕುಡಿಯ ಸಂದಿನಲ್ಲಿ. ಪೋಕರ್ ಬ್ಯಾರಿ ಒಂದು ಸಂಜೆ ಬಂದು ನೋಡಿ, "ಇದೆಂತ ದೊಡ್ಡ ಸಂಗತಿ? ಮಡಿವಾಳರು ಇಸ್ತ್ರಿ ಹಾಕುವಾಗ ಬಾಯಲ್ಲಿ ನೀರು ಉಗುಳುದು ನೋಡ್ಲಿಲ್ವಾ?" ಎಂದವನೇ ಒಂದು ಬಾಯಿ ತುಂಬಿಸಿಕೊಂಡ. ದಿನವಿಡೀ ಹೊಗೆಸೊಪ್ಪು ಜಗಿಯುವ ಬಾಯಿ, ಆದರೆ ಗಾಂಧಾರಿ ಮೆಣಸಿನ ಲೆಕ್ಕ ಅವನಿಗೆ ಸಿಕ್ಕಿರಲಿಲ್ಲ. ಎಲ್ಲವನ್ನೂ ತನ್ನ ಮುಂಡಿನ ಮೇಲೆಯೇ ಉಗುಳಿ ತೋಡಿಗೆ ಓಡಿದ. ಮೂರು ದಿನ ಗಂಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಉಳಿದದ್ದು ದಾನಿ. ಎರಡು ದಿನ ಅದರ ಕಡೆ ನೋಡುತ್ತ, ನೋಡದ ಹಾಗೆ ಮಾಡುತ್ತ ಕಳೆದಳು. ತೊಳೆದರೆ ಹೋಗುತ್ತದೆ, ಹಿತ್ತಾಳೆಗೆ ಎಂತ ಹಿಡಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮೂರನೆಯ ಸಂಜೆ ಕಷಾಯವನ್ನು ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿ, ನೀರು ಬೆರೆಸಿ ದಾನಿಗೆ ತುಂಬಿದಳು. ಒಂದು ಕೈಯಲ್ಲಿ ಬಳ್ಳಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಅಲುಗಿಸಿದಳು. ಮಂಜಿನಂತಹ ಸಣ್ಣ ಹನಿ ಎಲೆಯ ಅಡಿಗೆ ಹೋಗಿ ಕುಳಿತಿತು. ಹದಿನಾರು ಸಾಲು ಮುಗಿಯಲು ನಾಲ್ಕು ಸಂಜೆ ಬೇಕಾಯಿತು, ಮೊಣಕೈ ಬಾತುಕೊಂಡಿತು. ವಾರ ಬಿಟ್ಟು ಇನ್ನೊಂದು ಸುತ್ತು ಕೊಟ್ಟಳು. ಹೂ ಕಂಡ ಮೇಲೆ ಹೊಗೆಸೊಪ್ಪು ನಿಲ್ಲಿಸಿದಳು. ತಿನ್ನುವ ಕಾಯಿಗೆ ಆ ವಿಷ ತಾಗಬಾರದು, ಇನ್ನು ಬೇಕಿದ್ದರೆ ಬರೀ ಮೆಣಸು, ಬೆಳ್ಳುಳ್ಳಿ. ಬೇಕಾಗಲಿಲ್ಲ. ಕುಡಿಗಳು ಹಸಿರಾದವು.

ಈಗ ದಾನಿ ತೊಳೆಯುವ ಕೆಲಸ. ಹುಣಿಸೆಹುಳಿ ಹಾಕಿ ತಿಕ್ಕಿದಳು, ಅಂಟುವಾಳದಲ್ಲಿ ನೆನೆಸಿದಳು, ಮೂರು ದಿನ ಬಿಸಿಲಿಗಿಟ್ಟಳು. ಹೊರಗೆ ಫಳಫಳ. ಒಳಗೆ ಕತ್ತಿಗೂ ತಲೆಗೂ ಬೆಸುಗೆ ಹಾಕಿದ ಸಂದು ಕೈಗೆ ಸಿಗುವಂಥದ್ದಲ್ಲ. ಶುದ್ಧ ನೀರು ತುಂಬಿ ಪರೀಕ್ಷೆಗೆಂದು ತನ್ನ ಮುಖದ ಮೇಲೆಯೇ ಚಿಮುಕಿಸಿಕೊಂಡಳು. ಒಂದು ಹನಿ ಕಣ್ಣಿಗೆ ಹೋಯಿತು, ಕಣ್ಣು ಸಂಜೆಯವರೆಗೆ ಕೆಂಡದ ಹಾಗಿತ್ತು.

"ಪನ್ನೀರು ತುಂಬಿದ್ರೆ ಯಾರಿಗೆ ಗೊತ್ತಾಗ್ತದೆ?" ಎಂದ ಪೋಕರ್ ಬ್ಯಾರಿ. "ಕಣ್ಣು ಉರಿದ್ರೆ ಅಡುಗೆ ಒಲೆಯ ಹೊಗೆ ಅಂತ ತಿಳ್ಕೊಳ್ತಾರೆ. ನೀನು ಬಾಯಿ ಮುಚ್ಚಿಕೊಂಡಿದ್ರೆ ಆಯ್ತು."

ಸಾರಮ್ಮನಿಗೂ ಆಸೆಯಾಯಿತು, ಆಗಲಿಲ್ಲವೆಂದರೆ ಸುಳ್ಳು. ಆದರೆ ಮದುವೆಯಲ್ಲಿ ಮೊದಲ ಪನ್ನೀರು ಬೀಳುವುದು ಮದುಮಗಳ ಮೇಲೆ. ದಮಯಂತಿಯ ಕಾಡಿಗೆ ಹಚ್ಚಿದ ಕಣ್ಣು ಅವಳಿಗೆ ಮತ್ತೆ ಮತ್ತೆ ಕಾಣಿಸಿತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎದ್ದವಳೇ ಗೌಡರ ಮನೆಗೆ ನಡೆದಳು.

ಕಮಲಾವತಿ ಅಂಗಳದಲ್ಲಿ ಮದುವೆಯ ಹಪ್ಪಳ ಹರಡುತ್ತಿದ್ದಳು. ಸಾರಮ್ಮ ನಿಂತಲ್ಲಿಂದಲೇ ಎಲ್ಲವನ್ನೂ ಹೇಳಿದಳು. ದಂಟು, ಮೆಣಸು, ದಾನಿ, ಕಣ್ಣು, ಒಂದನ್ನೂ ಬಿಡಲಿಲ್ಲ.

"ಇನ್ನು ಅದನ್ನು ಮನುಷ್ಯರ ಮೇಲೆ ಚಿಮುಕಿಸುವ ಹಾಗಿಲ್ಲ ಕಮಲಕ್ಕ. ಅಲಸಂಡೆ ಮಾತ್ರ ಚಂದ ಉಂಟು. ಕೊಯ್ದು ಇವರ ಹತ್ತಿರ ಕಳಿಸ್ತೇನೆ."

"ಇವರ ಹತ್ತಿರ ಯಾಕೆ? ನಿಮಗೆ ಎಂತ ಆಗಿದೆ?"

"ದಾನಿ ಇಲ್ಲದೆ ನಾನು ಬರುದು ಹೇಗೆ?"

ಕಮಲಾವತಿ ಕೈಯಲ್ಲಿದ್ದ ಹಪ್ಪಳವನ್ನು ಹಾಗೇ ಹಿಡಿದುಕೊಂಡು ಅವಳ ಮುಖ ನೋಡಿದಳು. ಆಮೇಲೆ ಸಿಟ್ಟು ಬಂತು, ಸಣ್ಣ ಸಿಟ್ಟಲ್ಲ. "ಇಷ್ಟು ವರ್ಷ ನೀವು ಹಾಗೆ ತಿಳ್ಕೊಂಡದ್ದಾ? ಮೊದಲ ಸಲ ಕರೆದದ್ದು ದಾನಿಗೇ, ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಹೆಸರು ಕೂಡ ಗೊತ್ತಿರ್ಲಿಲ್ಲ ನನಗೆ. ಆದ್ರೆ ನನಗೆ ಜ್ವರ ಬಂದಾಗ ಹನ್ನೊಂದು ದಿನ ಗಂಜಿ ತಂದದ್ದು ಯಾರು, ನಿಮ್ಮ ದಾನಿಯಾ? ದಮಯಂತಿ ನಿಮ್ಮ ಅಡುಗೆಮನೆಯಲ್ಲೇ ಬೆಳೆದದ್ದಲ್ವಾ? ಪನ್ನೀರನ್ನು ಬಟ್ಟಲಲ್ಲಿಟ್ಟು ಮಾವಿನೆಲೆಯಲ್ಲಿ ಹಾಕಿದ್ರೂ ಆಗ್ತದೆ. ನೀವು ಬರದಿದ್ರೆ ಆಗುದಿಲ್ಲ. ಇಲ್ಲಿ ಕೂತ್ಕೊಳ್ಳಿ, ಈ ಹಪ್ಪಳ ಮಗುಚಿ ಹಾಕಿ, ನನಗೆ ಸೊಂಟ ನೋವು."

ಸಾರಮ್ಮ ಕುಳಿತಳು. ಕಣ್ಣೀರು ಹಪ್ಪಳದ ಮೇಲೆ ಬೀಳದ ಹಾಗೆ ಮುಖ ಆಚೆ ತಿರುಗಿಸಿಕೊಂಡು ಮಗುಚಿದಳು. ಎಷ್ಟು ವರ್ಷದ ಹೆದರಿಕೆ ಅದು, ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮದುವೆಯ ಹಿಂದಿನ ದಿನ ನಾಲ್ಕು ಬುಟ್ಟಿ ಅಲಸಂಡೆ ಗೌಡರ ಅಂಗಳಕ್ಕೆ ಬಂತು, ದಾನಿಯಿಲ್ಲದ ಸಾರಮ್ಮನೂ ಬಂದಳು. ಬಡಿಸಿದ ಎಲೆಯಲ್ಲಿ ಪಲ್ಯ ಉಳಿಸಿದವರಿಲ್ಲ. ಕಡಬದಿಂದ ಬಂದ ದಿಬ್ಬಣದಲ್ಲಿ ಒಬ್ಬಿಬ್ಬರು ಹೆಂಗಸರು ಬೀಜ ಎಲ್ಲಿಯದೆಂದು ಕೇಳಿದರು. ಆ ವರ್ಷದಿಂದ ಸಾರಮ್ಮನ ಮನೆಗೆ ಜನ ಬರುವ ಕಾರಣ ಬದಲಾಯಿತು. ಒಬ್ಬರ ಬದನೆಗೆ ಹುಳ, ಇನ್ನೊಬ್ಬರ ಬೆಂಡೆಗೆ ಬಿಳಿ ತಿಗಣೆ. ಅವಳು ಗಟ್ಟಿ ಕಷಾಯವನ್ನು ಬಾಟ್ಲಿಯಲ್ಲಿ ಕೊಡುತ್ತಿದ್ದಳು, ಕೊಡುವ ಮೊದಲು ಒಂದಕ್ಕೆ ಹದಿನಾರು ಎಂದು ಮೂರು ಸಲ ಬಾಯಿಪಾಠ ಹೇಳಿಸುತ್ತಿದ್ದಳು. ಕುಕ್ಕಪ್ಪ ಗೌಡರಿಗೂ ಈ ಬಾಯಿಪಾಠ ತಪ್ಪಲಿಲ್ಲ.

ಅರವತ್ತಮೂರರಲ್ಲಿ ಕಡಬದಿಂದ ಕಾರ್ಡು ಬಂತು. ದಮಯಂತಿ ಬರೆದದ್ದು, ಪೋಕರ್ ಬ್ಯಾರಿ ಅಂಗಡಿಯಲ್ಲಿ ಓದಿಸಿಕೊಂಡು ಬಂದು ಹೇಳಿದ: ಹೀರೆಬಳ್ಳಿ ಹಾಳಾಗುತ್ತಿದೆ, ಹೊಗೆಸೊಪ್ಪು ಮೆಣಸು ಇಲ್ಲಿಯೂ ಸಿಗುತ್ತದೆ, ಏನನ್ನೂ ಹೊತ್ತು ತರಬೇಡಿ, ನೀವು ಬನ್ನಿ. ಸಾರಮ್ಮ ಎರಡು ಬಸ್ಸು ಬದಲಿಸಿ ಹೋದಳು. ಮನೆಯೊಳಗೆ ಕಾಲಿಡುವ ಮೊದಲೇ ಹಿತ್ತಿಲಿಗೆ ನಡೆದು ಹೀರೆಯ ಎಲೆ ಮಗುಚಿ ನೋಡಿದಳು. ಅಂಚೆಲ್ಲ ಸುಟ್ಟು ಮುದುಡಿತ್ತು.

"ಯಾರು ಹೀಗೆ ಗಟ್ಟಿಯನ್ನೇ ಸುರಿದದ್ದು? ಒಂದಕ್ಕೆ ಹದಿನಾರು ಅಂತ ಎಷ್ಟು ಸಲ ಹೇಳಿದ್ದೇನೆ ನಿನಗೆ? ಮದುವೆಯಾಗಿ ಎರಡು ಮಕ್ಕಳಾದ್ರೂ ಬುದ್ಧಿ ಬರ್ಲಿಲ್ವಾ?" ಎಂದು ದಮಯಂತಿಯನ್ನು ಗದರಿಸಿದಳು, ಆಚೆಮನೆಗೆ ಕೇಳುವಷ್ಟು ಗಟ್ಟಿಯಾಗಿ.

ದಮಯಂತಿಯ ಅತ್ತೆ ಹೊಸ್ತಿಲಿಗೆ ಬಂದು, ತನ್ನ ಸೊಸೆಯನ್ನು ತನ್ನ ಮನೆಯಲ್ಲೇ ಬೈಯುತ್ತಿರುವ ಈ ಬ್ಯಾರಿ ಹೆಂಗಸು ಯಾರೆಂದು ನೋಡಿದಳು. ದಮಯಂತಿ ನಗುತ್ತಿದ್ದಳು.

"ನಮ್ಮ ತಾಯಿಮನೆಯವರು, ಅತ್ತೆ," ಎಂದಳು. "ಇನ್ನು ನಾಲ್ಕು ದಿನ ಹೀಗೇ."

ಸಾರಮ್ಮನಿಗೆ ಅದು ಕೇಳಿಸಿತು. ಆದರೆ ಬೈಯುವುದು ಇನ್ನೂ ಬಾಕಿ ಇತ್ತು, ಅದನ್ನು ಮೊದಲು ಮುಗಿಸಿದಳು.