ಹೆಡ್‌ಲೈನ್ ಮಾಸ್ತರರು

ಜುಗೂಳದ ನಮ್ಮ ಇಂಗ್ಲಿಷ್ ಮಾಸ್ತರರಿಗೆ ಯಾವ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಇರಲಿಲ್ಲ. ಮೊಳಕಾಲು ತೆರಚಿಕೊಂಡು ಅಳುತ್ತ ಬಂದವನಿಗೂ ತೋರುಬೆರಳೆತ್ತಿ, "ಮೊದಲ ಹೆಡ್‌ಲೈನ್ ಹೇಳಲೇ!" ಎನ್ನುತ್ತಿದ್ದರು.

ಇಂಗ್ಲಿಷ್ ಕಲಿಸುತ್ತಿದ್ದುದೂ ಹೆಡ್‌ಲೈನಿನಿಂದಲೇ. ರಾತ್ರಿ ತರಗತಿಯ ಅರ್ಧ ಹುಡುಗರು ರೇಡಿಯೊದಲ್ಲಿ ಇಂಗ್ಲಿಷ್ ವಾರ್ತೆ ಕೇಳಬೇಕು, ಉಳಿದರ್ಧ ಊರಿನ ಒಂದೇ ಟಿ.ವಿ.ಯಲ್ಲಿ ನೋಡಬೇಕು. ಬೆಳಿಗ್ಗೆ ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಸಿ ಹೋಲಿಸುತ್ತಿದ್ದರು. ಒಂದೇ ಸುದ್ದಿ ರೇಡಿಯೊದಲ್ಲಿ ಉದ್ದ, ಟಿ.ವಿ.ಯಲ್ಲಿ ಗಿಡ್ಡ. ಟಿ.ವಿ. ತಂಡದ ಹುಡುಗರು ತೆರೆಯ ಮೇಲೆ ಕಂಡದ್ದನ್ನೂ ಒಂದು ವಾಕ್ಯದಲ್ಲಿ ಸೇರಿಸಬೇಕು.

ಆ ಟಿ.ವಿ. ಇದ್ದದ್ದು ಜೈನ ವ್ಯಾಪಾರಿಯೊಬ್ಬರ ಮನೆಯಲ್ಲಿ. ಹೊತ್ತು ಮುಳುಗುವ ಮೊದಲೇ ಉಣ್ಣುವ ಆ ಮನೆಯವರು ಒಂದು ದಿನ ವಾರ್ತೆಗೆ ಮುಂಚೆಯೇ ಬಾಗಿಲು ಹಾಕಿ ಮಲಗಿಬಿಟ್ಟರು. ಮರುದಿನ ಟಿ.ವಿ. ತಂಡದ ಮುಖಂಡ ನಮ್ಮ ರೇಡಿಯೊ ಹೆಡ್‌ಲೈನುಗಳನ್ನೇ ಮೊಟಕು ಮಾಡಿ ಬರೆದ. ವಾರ್ತೆ ಓದಿದವರು ಹಸಿರು ಸೀರೆ ಉಟ್ಟಿದ್ದರು ಎಂದು ಕೊನೆಗೆ ಇಂಗ್ಲಿಷಿನಲ್ಲಿ ಸೇರಿಸಿದ.

ಮಾಸ್ತರರು ಆ ಕೊನೆಯ ವಾಕ್ಯದ ಮೇಲೆ ತೋರುಬೆರಳಿಟ್ಟರು.

"ನಿನ್ನೆ ನಾನೂ ಕಾಗವಾಡದಾಗ ತಂಗಿ ಮನ್ಯಾಗ ವಾರ್ತೆ ನೋಡೇನಿ. ಓದಿದಾಂವಗ ಇಷ್ಟ ದಪ್ಪ ಮೀಸಿ ಇದ್ವು."

ಮುಖಂಡ ಛಡಿ ಏಟಿಗೆಂದು ಅಂಗೈ ಚಾಚಿದ. ಅವರು ಅದರಲ್ಲಿ ಸೀಮೆಸುಣ್ಣ ಇಟ್ಟರು.

"ಅಳಿಸಬ್ಯಾಡ. ಮೀಸಿ ಗಂಡಸು ಹಸರ ಸೀರಿ ಉಟ್ಟಾನಂದ್ರ ಅದ ಮೊದಲ ಹೆಡ್‌ಲೈನ್! ಎಲ್ಲಾದರ ಮ್ಯಾಲ ಬರಿ."