ಕರಿಬೇವಿಗೆ ಬೂದಿ ಬೇಡ

ಬೆಳಿಗ್ಗೆ ಪಕ್ಕದ ಮನೆಯ ಫಾತಿಮಾಬಿ ಬಕೆಟ್ ತುಂಬ ಒಲೆಯ ಬೂದಿ ಹೊತ್ತು ಬಂದಳು. ಜಾಲಿ ಕಟ್ಟಿಗೆ ಸುಟ್ಟ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು.

"ಟೀಚರ್ರ, ನಿಮ್ಮ ಕರಿಬೇವಿಗಿ ಹಾಕ್ರಿ. ಗಿಡ ಜೋರ್ ಬರ್ತದಂತ ಮೊಬೈಲ್‌ನ್ಯಾಗ ತೋರಿಸ್ಯಾರ."

"ಒಯ್ರಿ ಅದನ್ನ! ನನ್ನ ಗಿಡದ ಹತ್ರ ತರಬ್ಯಾಡ್ರಿ!" ಓಣಿಗೆಲ್ಲ ಕೇಳುವಂತೆ ಕೂಗಿದೆ. ಆಕೆ ಮುಖ ಸಣ್ಣದು ಮಾಡಿಕೊಂಡು ಹೋದಳು.

ಒಂದು ಬಕೆಟ್ ಬೂದಿಗೆ ಇಷ್ಟು ಸಿಟ್ಟೇ ಎಂದು ನಿಮಗೂ ಅನ್ನಿಸಬಹುದು. ಕೇಳಿ.

ಚಿಕ್ಕಂದಿನಲ್ಲಿ ನಾನಿದ್ದ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ನನ್ನ ಸೋದರತ್ತೆ ಬೂದಿಯನ್ನು ಜರಡಿ ಹಿಡಿದು ಡಬ್ಬದಲ್ಲಿಡುತ್ತಿದ್ದಳು. ಪಾತ್ರೆ ತಿಕ್ಕಲು ಅದೇ, ಹೀರೆ ಬಳ್ಳಿಗೆ ಹುಳ ಬಿದ್ದರೆ ಎಲೆಯ ಮೇಲೆ ಉದುರಿಸಲೂ ಅದೇ. ಬಚ್ಚಲ ಮಗ್ಗುಲಿನ ಕರಿಬೇವಿಗೆ ಮಾತ್ರ ಒಂದು ಚಿಟಿಕೆಯೂ ಇಲ್ಲ. ಅದು ಅವಳ ತೀರಿಕೊಂಡ ಮಗಳು ನೀಲಾ ನೆಟ್ಟ ಗಿಡ. ಒಗ್ಗರಣೆಗೆ ಎಲೆ ಕೀಳುವಾಗ ಅತ್ತೆ ಅದರೊಡನೆ ಮಾತಾಡುತ್ತಿದ್ದಳು. ಯಾಕೆಂದು ಕೇಳಿದರೆ "ಅದಕ್ಕ ಬೂದಿ ಬ್ಯಾಡವ್ವ," ಅಷ್ಟೇ.

ನಾನೋ ಎಂಟನೇ ಇಯತ್ತೆಯ ಮಹಾ ಜಾಣೆ. ಬೂದಿ ಒಳ್ಳೆಯ ಗೊಬ್ಬರ ಎಂದು ಪುಸ್ತಕದಲ್ಲಿತ್ತು. ಅಮಾವಾಸ್ಯೆಗೊಮ್ಮೆ ಅತ್ತೆ ಜಿಡಗಾ ಮಠಕ್ಕೆ ಹೋದಾಗೆಲ್ಲ ಡಬ್ಬ ಬುಡಕ್ಕೆ ಸುರಿದು, ಮಣ್ಣು ಮುಚ್ಚಿ, ನೀರು ಹಾಕುತ್ತಿದ್ದೆ. ಚಿಗುರು ಹಳದಿಯಾಯಿತು. ಪಾಪ, ಗಿಡಕ್ಕೆ ಹಸಿವೆಯಾಗಿದೆ ಎಂದು ಇನ್ನಷ್ಟು ಸುರಿದೆ. ಬೇಸಿಗೆಯ ಹೊತ್ತಿಗೆ ಗಿಡ ಒಣಗಿ ಹೋಯಿತು.

ತಪ್ಪು ಒಪ್ಪಿಕೊಂಡಾಗ ಅತ್ತೆ ಹೊಡೆಯಲಿಲ್ಲ. "ನೀಲಾ ಒಮ್ಮೆ ಹಾಕಿ ನೋಡಿದ್ದಳು. ಎಲಿ ಹಳದಿ ಆದ್ವು. ಹಾಕಬ್ಯಾಡ ಯವ್ವಾ ಅಂದಿದ್ದಳು," ಎಂದಳು.

ಇಷ್ಟನ್ನು ಮೊದಲೇ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಆ ಸಿಟ್ಟು ಇನ್ನೂ ಇದೆ. ಪುಸ್ತಕ ಬರೆದ ಪುಣ್ಯಾತ್ಮನ ಮೇಲೂ ಇದೆ. ಎಲ್ಲಿಯದೋ ಹುಳಿ ಮಣ್ಣಿಗೆ ಒಪ್ಪುವ ಮಾತನ್ನು, ಅಗೆದಲ್ಲೆಲ್ಲ ಸುಣ್ಣದ ಹರಳು ಸಿಗುವ ನಮ್ಮ ಎರೆಮಣ್ಣಿಗೂ ಹೇಳಿಬಿಟ್ಟ. ಬೂದಿಯೂ ಸುಣ್ಣದಂಥದ್ದೇ, ಸುಣ್ಣದ ಮಣ್ಣಿಗೆ ಮತ್ತೆ ಅದನ್ನೇ ಸುರಿದರೆ ಎಲೆ ಹಳದಿಯಾಗದೆ ಇನ್ನೇನಾದೀತು? ಈಗ ಮೊಬೈಲಿನವರ ಸರದಿ. ಎಲ್ಲರಿಗಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆಯೇ. ಅದೇ ಪಾಠವನ್ನು ಮೂವತ್ತು ವರ್ಷ ಜೇವರ್ಗಿಯ ಮಕ್ಕಳಿಗೆ ಓದಿಸಿದೆ. ನೀಲಾಳ ಗಿಡದ ಸುದ್ದಿಯನ್ನು ನಾಚಿಕೆಗೆ ಒಬ್ಬರಿಗೂ ಹೇಳಲಿಲ್ಲ.

ಇಷ್ಟು ಗೊಣಗಿದ ಮೇಲೆ ಹೊಳೆಯಿತು, ಫಾತಿಮಾಬಿಗೂ ನಾನು ಕಾರಣ ಹೇಳಿರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಆಕೆ ತನ್ನ ನಿಂಬೆ ಗಿಡದ ಬುಡದಲ್ಲಿ ಬಕೆಟ್ ಬೋರಲು ಹಾಕಿ, ನೀರಿನ ಕೊಡ ಎತ್ತುತ್ತಿದ್ದಳು.

"ನೀರ್ ಹಾಕೀರೇನ್ರಿ?"

"ಇನ್ನಾ ಇಲ್ರಿ. ಯಾಕ್ರಿ?"

ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಬೂದಿ ಬಾಚತೊಡಗಿದೆ.

"ನಮ್ಮ ಸೋದರತ್ತಿಗಿ ನೀಲಾ ಅಂತ ಒಬ್ಬಾಕಿ ಮಗಳಿದ್ದಳ್ರಿ," ಎಂದೆ.