‘ಬತ್ತೆ’ ಎಂದವರ ಲೆಕ್ಕ

ಕುಂದಾಪುರದವನು ಎಲ್ಲಿ ಹೋಟೆಲಿಟ್ಟರೂ ನಡೆಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಡೆದವನು ಕಾರಿನಲ್ಲಿ ಊರಿಗೆ ಬಂದು ದೇವಸ್ಥಾನಕ್ಕೆ ಗಂಟೆ ಕೊಡುತ್ತಾನೆ. ನಡೆಯದವನು ಬೆಳಗಿನ ಬಸ್ಸಿನಿಂದ ಇಳಿದು ಸುಮ್ಮನೆ ಮನೆಯೊಳಗೆ ಹೋಗುತ್ತಾನೆ. ನಾವು ಗಂಟೆಗಳನ್ನಷ್ಟೇ ಎಣಿಸುತ್ತೇವೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಷ್ಟು ಹೇಳಿದರೆ ಎದುರಾಳಿ ನೀರು ಕುಡಿಯುತ್ತಿದ್ದ. ನನ್ನ ಅಕ್ಕ ಕುಡಿಯಲಿಲ್ಲ.

ಉಪ್ಪುಂದದಲ್ಲಿ ಅವಳದೊಂದು ಮೀನೂಟದ ಹೋಟೆಲು, ಆರೇ ಮೇಜು. ಮರವಂತೆಯ ಹೆದ್ದಾರಿ ಬದಿಯಲ್ಲಿ ದೊಡ್ಡ ಕಟ್ಟಡವೊಂದು ಬಾಡಿಗೆಗೆ ಬಂತು. ಅದನ್ನು ಹಿಡಿದರೆ ಇದನ್ನು ಬಿಡಬೇಕು. ಬಿಟ್ಟರೆ ಮತ್ತೆ ಸಿಗದು, ಮೊಬೈಲ್ ಅಂಗಡಿಯವನೊಬ್ಬನ ಕಣ್ಣು ಈ ಉಪ್ಪುಂದದ ಕೋಣೆಯ ಮೇಲಿದೆ.

“ನಿನ್ನ ಚರ್ಚೆ ಬ್ಯಾಡ. ಲೆಕ್ಕ ಇದ್ರೆ ಹೇಳ್” ಎಂದಳು.

ಒಂದು ತಿಂಗಳು ಮಧ್ಯಾಹ್ನದ ಹೊತ್ತು ಬ್ರಹ್ಮಾವರದಿಂದ ಬೈಂದೂರಿನವರೆಗೆ ಬೈಕಿನಲ್ಲಿ ತಿರುಗಿ, ಯಾವ ಹೋಟೆಲಿನಲ್ಲಿ ಎಷ್ಟು ಮೇಜು ತುಂಬಿದೆ ಎಂದು ಗೀಟು ಹಾಕಿದೆ. ನಡುವೆ ತಿಂದ ಅಂಜಲ್ ಫ್ರೈಗಳನ್ನು ಸಂಶೋಧನೆಯ ಭಾಗವೆಂದೇ ತಿಳಿಯಬೇಕು. ಹೆದ್ದಾರಿಯ ಮೇಜುಗಳು ಭಾನುವಾರ ಸಾಲದೆ ಬರುತ್ತವೆ, ಮಂಗಳವಾರ ನೊಣ ಓಡಿಸುತ್ತವೆ. ಅಂದರೆ ಈಗಿನ ಗಿರಾಕಿಗಳು ಅಕ್ಕನ ಹಿಂದೆಯೇ ಹೋದರೆ ಮಾತ್ರ ಅವಳು ಉಳಿಯುತ್ತಾಳೆ. ಅದನ್ನೂ ಕೇಳಿಬಿಡೋಣವೆಂದು ಅಕ್ಕನ ಹೋಟೆಲಿನ ಕೈತೊಳೆಯುವ ತೊಟ್ಟಿಯ ಪಕ್ಕ ನಿಂತೆ.

“ಅಕ್ಕ ಮರವಂತೆಗೆ ಹೋದ್ರೆ ಊಟಕ್ಕೆ ಅಲ್ಲಿಗ್ ಬತ್ರ್ಯಾ?”

“ಬತ್ತೆ, ಬತ್ತೆ.” ಬ್ಯಾಂಕಿನವರು, ದೋಣಿಯವರು, ಎಲ್ಲರದೂ ಅದೇ. ಮೀನು ಮಾರುವ ಹೆಂಗಸೊಬ್ಬರು ಮಾತ್ರ, “ಅಷ್ಟ್ ದೂರ ಉಂಬುಕೆ ಯಾರ್ ಬತ್ರ್, ನಿಂಗೆ ಮರ್ಲಾ?” ಎಂದರು. ಅವರನ್ನು ಅಪವಾದದ ಸಾಲಿಗೆ ಸೇರಿಸಿ, “ಗಿರಾಕಿಗಳು ಬರುತ್ತಾರೆ” ಎಂದು ಕೆಳಗೆ ಎರಡು ಗೆರೆ ಎಳೆದು ಅಕ್ಕನ ಕೈಗೆ ಕೊಟ್ಟೆ.

ಕರಾರಿಗೆ ಸಹಿ ಹಾಕುವ ದಿನ ಬೆಳಿಗ್ಗೆ ಪಕ್ಕದ ಮನೆಯ ಅಣ್ಣ ಮುಂಬಯಿಗೆ ಹೊರಟಿದ್ದರು. ಇನ್ನು ಎರಡು ವರ್ಷ ಈ ಕಡೆ ಮುಖ ಹಾಕುವವರಲ್ಲ. ಬ್ಯಾಗು ಹೆಗಲಿಗೇರಿಸಿ ನನಗೆ ಕೈ ಎತ್ತಿ, “ಬತ್ತೆ” ಎಂದರು.

ಕಾಲಡಿಯ ಮರಳು ಜಾರಿದ ಹಾಗಾಯಿತು. ನಮ್ಮಲ್ಲಿ ಹೊರಡುವವರು ‘ಹೋತೆ’ ಎನ್ನುವುದುಂಟೆ? ಅಪಶಕುನ. ಹೋಗುವುದಕ್ಕೇ ನಾವು ಬರುವುದೆನ್ನುತ್ತೇವೆ. ನನ್ನ ಗಿರಾಕಿಗಳು ಉತ್ತರ ಕೊಟ್ಟಿರಲಿಲ್ಲ, ಕೈ ತೊಳೆದು ಹೊರಟಿದ್ದರು. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನು ಕಾಗದದ ಮೇಲೆ ಬರೆದ ಕೂಡಲೇ ಅಂಕಿ ಎಂದು ನಂಬಿದವನು ನಾನು.

ಉಪ್ಪುಂದಕ್ಕೆ ಓಡಿದೆ. ಅಕ್ಕ ಬಂಗುಡೆ ಕೊಯ್ಯುತ್ತಿದ್ದಳು. ಎಲ್ಲ ಹೇಳಿದೆ. ಸಹಿ ಹಾಕಬೇಡ ಎಂದೂ ಹೇಳಿದೆ. ಅವಳು ತಲೆ ಎತ್ತಲಿಲ್ಲ.

“ಅದ್ ನಂಗೆ ಗೊತ್ತಿತ್ತ್ ಮಾರಾಯ. ಕೈ ತೊಳ್ದವ ಇನ್ನೆಂತ ಹೇಳ್ತ?”

“ಮತ್ತೆ ಈ ಕೋಣೆ?”

“ಮೊಬೈಲಿನವ್ನಿಗೆ ಬಿಡ್ತೆ ಅಂದಾಯ್ತ್. ನೀ ಗೀಟು ಹಾಕೂಕ್ ಹೊರಡೂ ಮುಂಚೆಯೇ.”

ಚರ್ಚಾಸ್ಪರ್ಧೆಯಲ್ಲೂ ಹಾಗೆಯೇ: ಪಕ್ಷ ಮೊದಲು ಸಿಗುತ್ತದೆ, ಪುರಾವೆ ಆಮೇಲೆ ಹುಡುಕುತ್ತೇವೆ. ಆದರೆ ಅಲ್ಲಿ ಸೋತರೆ ಮನೆಗೆ ಹೋಗಿ ಊಟ ಮಾಡಬಹುದು.

ಹೊರಗೆ ಮರವಂತೆಯ ಕಟ್ಟಡದ ಯಜಮಾನರ ಕಾರು ನಿಂತಿತು. ಅಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ನಾನು ಎರಡು ಗೆರೆ ಎಳೆದು ಕೊಟ್ಟ ಕಾಗದವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಹಾಂಗಾರೆ ನನ್ನತ್ರ ಎಂತಕ್ಕೆ ಕೇಂಡದ್ದ್, ಅಕ್ಕ?”